ಓದಿ ಕೇಳಿಸಿದೆ, ಸರಿ ಇದೆ

ಸುಬ್ಬಕೃಷ್ಣನವರಿಗೆ ಹಾಡಲು ಬರುತ್ತಿರಲಿಲ್ಲ, ನಾಲ್ಕು ಜನರ ಮುಂದೆ ಅರ್ಥ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಆದರೆ ಕೇಳುವುದರಲ್ಲಿ ಅವರಂಥವರು ಇನ್ನೊಬ್ಬರಿರಲಿಲ್ಲ. ಗುಬ್ಬಿಯ ಹಳೇ ಪೇಟೆಯ ಮಂಟಪದಲ್ಲಿ ಪ್ರತಿ ಗುರುವಾರ ಸಂಜೆ ಆರೂವರೆಗೆ ಕಾವ್ಯವಾಚನ. ಓದುವವರು ಚನ್ನಬಸವಯ್ಯ ಮೇಷ್ಟ್ರು. ಎಪ್ಪತ್ತೈದು ದಾಟಿದ್ದರೂ ಕಂಠ ಇನ್ನೂ ಕಂಚು. ವ್ಯಾಸಪೀಠದ ಮೇಲೆ ಪುಸ್ತಕ ಬಿಚ್ಚಿ, ಕನ್ನಡಕ ಏರಿಸಿ ಅವರು ಮೊದಲು ನೋಡುತ್ತಿದ್ದದ್ದು ಎಡಗಡೆಯ ಮೂರನೇ ಕಂಬದ ಕಡೆಗೆ. ಅಲ್ಲಿ ಸುಬ್ಬಕೃಷ್ಣ ಚಕ್ಕಂಬಕ್ಕಳ ಹಾಕಿ, ಕಣ್ಣು ಮುಚ್ಚಿ ಕೂತಿದ್ದರೆ, "ಕಿವಿ ಬಂತಪ್ಪಾ, ಇನ್ನು ಬಾಯಿ ತೆಗೀಬೋದು" ಎಂದು ಶುರುಮಾಡುತ್ತಿದ್ದರು.

ಆ ಕಿವಿ ಹುಟ್ಟಿನಿಂದ ಬಂದದ್ದು. ತಾತ ದಿನವೂ ದೀಪ ಹಚ್ಚಿದ ಮೇಲೆ ಹತ್ತು ಷಟ್ಪದಿ ಓದದೆ ಊಟಕ್ಕೆ ಕೂರುತ್ತಿರಲಿಲ್ಲ. ಆ ಓದು ಕೇಳುತ್ತಲೇ ಸುಬ್ಬಕೃಷ್ಣ ತೊಟ್ಟಿಲಲ್ಲಿ ಮಲಗಿದ್ದು, ಅಂಬೆಗಾಲಿಟ್ಟಿದ್ದು, ಮಗ್ಗಿ ಕಲಿತಿದ್ದು. ದೇವರ ಪೂಜೆಗಿಂತ ಅವರಿಗೆ ಕೇಳುವುದೇ ದೊಡ್ಡ ಪೂಜೆ. ಕೇಳುವಾಗ ಮನಸ್ಸು ಅತ್ತಿತ್ತ ಹೋದರೆ ಕೆನ್ನೆ ಬಡಿದುಕೊಳ್ಳುತ್ತಿದ್ದರು.

ಅಂಥ ಕಿವಿಗೆ ಹತ್ತೊಂಬತ್ತು ತಿಂಗಳಿಂದ ಒಂದೇ ಸಾಲು ಕೇಳಿಸುತ್ತಿತ್ತು. ಅದು ಯಾವ ಕವಿಯ ಸಾಲೂ ಅಲ್ಲ. ಅವರೇ, ಅವರ ಕೈಯಾರೆ, ನೀಲಿ ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟದ್ದು: ಓದಿ ಕೇಳಿಸಿದೆ, ಸರಿ ಇದೆ.

ಸುಬ್ಬಕೃಷ್ಣ ಇದ್ದದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಕೆಲಸ ಕುಣಿಗಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ, ಪ್ರಥಮ ದರ್ಜೆ ಸಹಾಯಕ. ಹತ್ತೊಂಬತ್ತು ತಿಂಗಳ ಹಿಂದೆ ಆ ಕಚೇರಿಗೆ ಒಂದು ಸುತ್ತೋಲೆ ಬಂತು. ಗಾಂಜಾ ಕೇಸುಗಳು ಕೋರ್ಟಿನಲ್ಲಿ ಒಂದಾದ ಮೇಲೊಂದು ಬಿದ್ದುಹೋಗುತ್ತಿದ್ದವು. ಪೊಲೀಸರು ಮಾಲು ಹಿಡಿಯುವಾಗ ಪಕ್ಕದಲ್ಲಿ ನಿಂತು ನೋಡಿ, ಬರೆದ ಮಹಜರಿಗೆ ಸಹಿ ಹಾಕುವ ಹೊರಗಿನ ಇಬ್ಬರನ್ನು ಪಂಚರು ಅನ್ನುತ್ತಾರೆ. ಬೀದಿಯಲ್ಲಿ ಹೋಗುವವರನ್ನು ಕರೆದು ಪಂಚರನ್ನಾಗಿ ಮಾಡಿದರೆ, ಎರಡು ವರ್ಷದ ಮೇಲೆ ಕಟಕಟೆ ಹತ್ತಿ "ನಾನೇನೂ ನೋಡಿಲ್ಲ ಬುದ್ಧಿ" ಎಂದುಬಿಡುತ್ತಿದ್ದರು. ಹೆದರಿ ಹಾಗೆನ್ನುವವರೂ ಇದ್ದರು, ಆಸೆಗೆ ಬಿದ್ದು ಅನ್ನುವವರೂ ಇದ್ದರು. ಅದಕ್ಕೇ ಸರ್ಕಾರ ಹೊಸ ದಾರಿ ಹಿಡಿಯಿತು. ಜಿಲ್ಲೆಗೊಂದು ವಿಶೇಷ ದಳ. ಸೇದುವ ಹುಡುಗರನ್ನಲ್ಲ, ಸಾಗಿಸುವ ಜಾಲವನ್ನೇ ಹಿಡಿಯಬೇಕು. ಹಿಡಿದ ಜಾಲದ ವರದಿ ಪ್ರತಿ ತಿಂಗಳ ಸಭೆಗೆ ಹೋಗಬೇಕು. ಪಂಚರು ಇನ್ನು ಮೇಲೆ ಸರ್ಕಾರಿ ನೌಕರರೇ ಆಗಿರಬೇಕು, ಅವರು ಮಾತು ತಿರುಗಿಸುವುದಿಲ್ಲ. ಪ್ರತಿ ಕಚೇರಿಯಿಂದ ಇಬ್ಬರ ಹೆಸರು ಕಳಿಸತಕ್ಕದ್ದು.

ಕಚೇರಿಯ ಮುಖ್ಯಸ್ಥೆ ಶಶಿರೇಖಾ ಮೇಡಂ ಹೆಚ್ಚು ಯೋಚನೆ ಮಾಡಲಿಲ್ಲ. "ಸುಬ್ಬಕೃಷ್ಣ ಸಾರ್ ಹೆಸ್ರು ಬರೀರಿ. ಇಪ್ಪತ್ತು ವರ್ಷದಿಂದ ಅವ್ರು ಯಾರಿಗೂ ಎದುರು ಮಾತಾಡಿದ್ದು ನಾನಂತೂ ಕೇಳಿಲ್ಲ" ಎಂದರು. ಜೊತೆಗೆ ಜವಾನ ಸಿದ್ದಗಂಗಯ್ಯನ ಹೆಸರು.

ಅದು ಶ್ರಾವಣದ ಮೊದಲ ಗುರುವಾರ. ಗುಬ್ಬಿಯಲ್ಲಿ ಒಂದೂವರೆ ವರ್ಷದಿಂದ ನಡೆದಿದ್ದ ಕಾವ್ಯಕ್ಕೆ ಅಂದು ಮಂಗಳ. ಕೊನೆಯ ಪದ್ಯ ಓದಿ, ಆರತಿ ಎತ್ತಿ, ಪಾನಕ ಕೊಡುವ ದಿನ. ಬೇರೆ ಗುರುವಾರಗಳಂದು ಅನುಮತಿ ಕೇಳಿ ಬೇಗ ಹೊರಡುತ್ತಿದ್ದ ಸುಬ್ಬಕೃಷ್ಣ ಅಂದು ಅರ್ಧ ದಿನ ರಜೆಯನ್ನೇ ಬರೆದಿಟ್ಟಿದ್ದರು. ಎರಡು ಗಂಟೆಗೆ ವಿಶೇಷ ದಳದಿಂದ ಫೋನು: ಪಂಚರು ಬರಬೇಕು.

ದಳಕ್ಕೆ ಊರಾಚೆ ಒಂದು ಹಳೇ ಕ್ವಾರ್ಟರ್ಸು ಕೊಟ್ಟಿದ್ದರು. ಹೋದರೆ ಅಂಗಳದಲ್ಲಿ ಒಂದು ಸಣ್ಣ ಗೂಡ್ಸ್ ಗಾಡಿ, ಅದರಲ್ಲಿ ತೆಂಗಿನಕಾಯಿ, ಗಾಡಿಯ ಪಕ್ಕ ಇಳಿಸಿಟ್ಟ ಹತ್ತು ಹನ್ನೆರಡು ಗಾಂಜಾ ಕಟ್ಟುಗಳು. ಒಳಗೆ ಗವಿರಂಗ ಎಂಬುವನು ಗೋಡೆಗೊರಗಿ ಕೂತಿದ್ದ. ಕುಣಿಗಲ್ ಕೆರೆ ಏರಿಯ ಮೇಲೆ ಗಾಡಿ ಓಡಿಸಿಕೊಂಡು ಬರುವಾಗ ಮಧ್ಯಾಹ್ನವೇ ಸಿಕ್ಕಿದ್ದ, ಒಬ್ಬನೇ. "ಮೇಲಿನೋರು ಫೋನಲ್ಲಿದಾರೆ ಸಾರ್, ಸ್ವಲ್ಪ ಕೂತಿರಿ, ಆಮೇಲೆ ಸ್ಪಾಟಿಗೆ ಹೋಗಿ ಬರೆಯೋಣ" ಎಂದರು ಇನ್ಸ್‌ಪೆಕ್ಟರ್ ಉದಯಕುಮಾರ್.

ಸುಬ್ಬಕೃಷ್ಣ ಹೊರಗಿನ ಬೆಂಚಿನ ಮೇಲೆ ಕೂತು ಗಡಿಯಾರ ನೋಡಿದರು. ಮೂರಾಯಿತು. ಮೂರೂವರೆ ಆಯಿತು. ಸಿದ್ದಗಂಗಯ್ಯ ಬೀಡಿ ಸೇದಲು ಹೋಗಿ ಬಂದ, ಮತ್ತೆ ಹೋದ. ಆಗ ಗೇಟು ತಳ್ಳಿಕೊಂಡು ಒಬ್ಬ ಯುವಕ ಬಂದ. ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಗಾಡಿಯ ಕಾಗದಪತ್ರ. ಪಕ್ಕದಲ್ಲೇ ಕೂತ.

"ಸಾರ್, ನೀವೂ ಗಾಡಿ ಬಿಡಿಸ್ಕೊಳಾಕೆ ಬಂದಿದೀರಾ?"

"ಇಲ್ಲಪ್ಪ, ಸೈನ್ ಹಾಕೋಕೆ."

"ಹಂಗಾರೆ ನಮ್ದುಕ್ಕೂ ಒಂದು ಹಾಕ್ಸಿ ಬೇಗ ಕಳ್ಸಿ ಸಾರ್. ಊರ್ಡಿಗೆರೆಯಿಂದ ಎರಡು ಬಸ್ ಹತ್ತಿ ಬಂದಿದೀನಿ. ಅಜ್ಜಿ ಕಾಯ್ತಿರ್ತದೆ." ಹುಡುಗ ನಕ್ಕ. "ಗವಿರಂಗಣ್ಣ ಕಾಯಿ ಸಾಗಿಸ್ಬೇಕು ಅಂತ ಬೆಳಿಗ್ಗೆ ಗಾಡಿ ಈಸ್ಕೊಂಡ್ ಹೋದ. ಈಗ ನೋಡುದ್ರೆ ಪೊಲೀಸ್ನೋರು ಹಿಡಿದವ್ರೆ ಅಂತ ಫೋನು. ಇನ್ಶೂರೆನ್ಸು, ಆರ್‌ಸಿ ಎಲ್ಲಾ ತಂದಿದೀನಿ, ಎಲ್ಲಾ ಕರೆಕ್ಟಾಗಿದೆ." ಜೇಬಿನಿಂದ ಹುರಿಗಡಲೆ ತೆಗೆದು ಅಂಗೈಯಲ್ಲಿಟ್ಟು ಚಾಚಿದ. "ತಗೊಳಿ ಸಾರ್."

ಸುಬ್ಬಕೃಷ್ಣ ನಾಲ್ಕು ಕಾಳು ತೆಗೆದುಕೊಂಡರು. ತಿಂದರು ಕೂಡ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅವರು ಎದ್ದು ಇನ್ಸ್‌ಪೆಕ್ಟರ ಕೋಣೆಯ ಬಾಗಿಲಲ್ಲಿ ನಿಂತರು. ತಾವಾಗಿ ಮಾತು ತೆಗೆದದ್ದು ಅವರ ಮಟ್ಟಿಗೆ ದೊಡ್ಡ ಸಂಗತಿ. "ಸಾರ್, ಇವತ್ತು ಗುಬ್ಬೀಲಿ ಮಂಗಳ. ನಾಲ್ಕೂಕಾಲಿನ ಬಸ್ಸು ತಪ್ಪಿದ್ರೆ ಆರೂವರೆಗೆ ಮುಟ್ಟಲ್ಲ."

ಉದಯಕುಮಾರ್ ಕೆಟ್ಟ ಮನುಷ್ಯನಲ್ಲ. ಅವರ ತಾಯಿಯೂ ಹರಿಕಥೆಗೆ ಹೋಗುವವರು. "ಅಯ್ಯೋ, ದೇವರ ಕಾರ್ಯ, ತಪ್ಪಿಸ್ಬೇಡಿ ಸಾರ್. ಒಂದು ಕೆಲ್ಸ ಮಾಡಿ. ಈ ನಾಲ್ಕು ಹಾಳೆಗೆ ಕೆಳಗಡೆ ಸೈನ್ ಹಾಕ್ಬಿಡಿ, ಕೊನೇದ್ರಲ್ಲಿ ನಿಮ್ ಕೈಯಾರೆ ಆ ಒಂದು ಸಾಲು ಬರ್ದುಬಿಡಿ. ಮಿಕ್ಕಿದ್ದು ನಾನು ತುಂಬ್ಕೋತೀನಿ. ಇರೋದನ್ನೇ ಬರೆಯೋದು, ಸುಳ್ಳೇನಿಲ್ವಲ್ಲ."

ಹಾಳೆಗಳು ಖಾಲಿ. ಬಿಳೀ ಹಾಳೆ. ಓದುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಕೇಳುವುದಕ್ಕೂ ಇರಲಿಲ್ಲ. ಸುಬ್ಬಕೃಷ್ಣ ನಾಲ್ಕು ಕಡೆ ಸಹಿ ಹಾಕಿದರು. ನಾಲ್ಕನೆಯದರ ಕೆಳಗೆ ದುಂಡಗೆ ಬರೆದರು: ಓದಿ ಕೇಳಿಸಿದೆ, ಸರಿ ಇದೆ. ಬೀಡಿ ಮುಗಿಸಿ ಬಂದ ಸಿದ್ದಗಂಗಯ್ಯನೂ ಪಕ್ಕದಲ್ಲೇ ಸಹಿ ಹಾಕಿದ. ಬೆಂಚಿನ ಮೇಲಿದ್ದ ಹುಡುಗ "ಬರ್ತೀರಾ ಸಾರ್?" ಎಂದ. ಅವರು ಕೈಯೆತ್ತಿ ಬಸ್ಸಿಗೆ ಓಡಿದರು.

ಅಂದು ಮಂಗಳ ಎಂದಿಗಿಂತ ಚೆನ್ನಾಗಿತ್ತು. ಕೊನೆಯ ಪದ್ಯಕ್ಕೆ ಮೇಷ್ಟ್ರ ಕಂಠ ಗದ್ಗದವಾಯಿತು, ಸುಬ್ಬಕೃಷ್ಣರ ಕಣ್ಣಲ್ಲಿ ನೀರು ಹರಿಯಿತು. ಎರಡು ಲೋಟ ಪಾನಕ ಕುಡಿದರು.

ಮಾರನೆಯ ಬೆಳಿಗ್ಗೆ ಪತ್ರಿಕೆಯಲ್ಲಿ ಫೋಟೋ. ಮೂವತ್ತೊಂದು ಕೆ.ಜಿ. ಗಾಂಜಾ, ಸಂಘಟಿತ ಜಾಲ ಪತ್ತೆ, ಇಬ್ಬರ ಬಂಧನ. ಮುಂದೆ ಕಟ್ಟುಗಳು, ಹಿಂದೆ ಪೊಲೀಸರು, ನಡುವೆ ಇಬ್ಬರು ಕುಕ್ಕರುಗಾಲಲ್ಲಿ. ಒಬ್ಬ ಗವಿರಂಗ. ಇನ್ನೊಬ್ಬ ಹುರಿಗಡಲೆ ಕೊಟ್ಟ ಹುಡುಗ. ಹೆಸರು ರಂಗಶಾಮ ಎಂದು ಆಗ ಗೊತ್ತಾಯಿತು. ಸಂಜೆ ಐದೂವರೆಗೆ ಕೆರೆ ಏರಿಯ ಮೇಲೆ ಗಾಡಿ ಓಡಿಸುತ್ತಿದ್ದಾಗ ಸಿಕ್ಕಿಬಿದ್ದ ಎಂದಿತ್ತು.

ಒಂದೇ ಒಂದು ಸಲ ಅವರು ಉದಯಕುಮಾರರಿಗೆ ಫೋನು ಮಾಡಿದರು. "ಆ ಹುಡುಗ ತಾನಾಗೇ ಬಂದಿದ್ದನಲ್ವಾ ಸಾರ್?"

"ಗಾಡಿ ಅವ್ನದು ಸಾರ್. ಗಾಡಿ ಕೊಟ್ಟೋನು ಜಾಲದಲ್ಲಿ ಇಲ್ದೆ ಇರ್ತಾನಾ? ಒಬ್ಬನ್ನೇ ತೋರ್ಸಿದ್ರೆ ಜಾಲ ಎಲ್ಲಿ ಅಂತ ಸಭೇಲಿ ಕೇಳ್ತಾರೆ. ಇಬ್ರನ್ನೂ ಒಟ್ಟಿಗೆ ತೋರ್ಸಿದ್ರೇ ಕೇಸು ನಿಲ್ಲೋದು. ನೀವು ಆರಾಮಾಗಿ ಕಾವ್ಯ ಕೇಳಿ ಸಾರ್, ಇದು ನಮಗೆ ಬಿಡಿ."

ಸುಬ್ಬಕೃಷ್ಣ ಬಿಟ್ಟರು. ಬಿಡುವುದು ಸುಲಭವಾಗಿತ್ತು, ಅವರಿಗೆ ಬೇಕಾಗಿದ್ದದ್ದೂ ಅದೇ. ಇನ್ಸ್‌ಪೆಕ್ಟರಿಗೆ ಗೊತ್ತಿರುವುದು ತನಗೇನು ಗೊತ್ತು ಅಂದುಕೊಂಡರು. ಜನವರಿಯಲ್ಲಿ ಗಣರಾಜ್ಯೋತ್ಸವದ ದಿನ ಜಿಲ್ಲೆಯಿಂದ ಪ್ರಶಂಸಾಪತ್ರ ಬಂತು. 'ಮಾದಕವಸ್ತು ವಿರುದ್ಧದ ಹೋರಾಟದಲ್ಲಿ ಸಹಕರಿಸಿದ್ದಕ್ಕೆ'. ಹೆಂಡತಿ ಕೌಸಲ್ಯ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ಮೊಳೆ ಹೊಡೆಸಿದರು. ದಿನವೂ ದೀಪ ಹಚ್ಚಿ ಕೈಮುಗಿಯುವಾಗ ಅದಕ್ಕೂ ಕೈಮುಗಿದಂತಾಗುತ್ತಿತ್ತು. ಸುಬ್ಬಕೃಷ್ಣ ಸ್ವಲ್ಪ ವಾರೆಯಾಗಿ ನಿಂತು ಮುಗಿಯಲು ಕಲಿತರು.

ಆದರೆ ಕಿವಿ ಮಾತು ಕೇಳಲಿಲ್ಲ. ಮಂಟಪದಲ್ಲಿ ಪದ್ಯದಿಂದ ಪದ್ಯಕ್ಕೆ ಮೇಷ್ಟ್ರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಆ ಸಾಲು ಬಂದು ಕೂರುತ್ತಿತ್ತು. ಒಂದು ದಿನ ಚನ್ನಬಸವಯ್ಯನವರು ಓದು ನಿಲ್ಲಿಸಿ, "ಏನಯ್ಯಾ ಸುಬ್ಬಣ್ಣ, ದೇಹ ಕಂಬದ ಹತ್ರ ಇದೆ, ಕಿವಿ ಎಲ್ಲಿ ಬಿಟ್ಬಂದೆ?" ಎಂದರು. ಎಲ್ಲರೂ ನಕ್ಕರು. ಮುಂದಿನ ಗುರುವಾರದಿಂದ ಸುಬ್ಬಕೃಷ್ಣ ಗುಬ್ಬಿಗೆ ಹೋಗುವುದನ್ನೇ ಬಿಟ್ಟರು. ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಕಳಿಸಿದರು.

ಅದರ ಮರುವರ್ಷ ಮಾರ್ಚಿನಲ್ಲಿ ಸಮನ್ಸು ಬಂತು. ಬುಧವಾರ ಬೆಳಿಗ್ಗೆ ತುಮಕೂರಿನ ವಿಶೇಷ ನ್ಯಾಯಾಲಯಕ್ಕೆ ಹಾಜರಾಗಬೇಕು. ಪಕ್ಕದ ಮನೆಯ ನಾಗಭೂಷಣ್ ಅದನ್ನು ಹೇಗೋ ತಿಳಿದು ಕಾಂಪೌಂಡಿನ ಹತ್ತಿರ ಬಂದರು. ಅವರ ಮಗ ಎರಡು ಸಲ ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಿ ಬಂದಿದ್ದ. ಓದು ನಿಂತುಹೋಗಿ ಈಗ ಮನೆಯಲ್ಲೇ ಟಿವಿ ಮುಂದೆ ಕೂರುತ್ತಿದ್ದ.

"ಸಾರ್, ಆ ಗವಿರಂಗನ ಮಾಲೇ ನನ್ ಮಗ ಸೇದಿದ್ದು. ನಮ್ ಬೀದಿ ಕೊನೇಲೇ ತಂದ್ಕೊಡೋರು. ನಿಮ್ಮ ಸಾಕ್ಷಿ ಮೇಲೆ ಇದೆ ಅಂತಾರೆ ಕೇಸು. ಸರಿಯಾಗಿ ಹೇಳ್ಬಿಡಿ ಸಾರ್, ಅವ್ನು ಹತ್ತು ವರ್ಷ ಹೊರಗೆ ಬರ್ಬಾರ್ದು." ಹೇಳುತ್ತ ನಾಗಭೂಷಣ್ ಕಾಂಪೌಂಡಿನ ಮೇಲಿಂದಲೇ ಅವರ ಕೈ ಹಿಡಿದುಕೊಂಡರು.

ಮಹಜರು ನಿಂತರೆ ಗವಿರಂಗನಿಗೆ ಹತ್ತು ವರ್ಷ. ಅದೇ ಹಾಳೆಯ ಮೇಲೆ ರಂಗಶಾಮನಿಗೂ ಹತ್ತು ವರ್ಷ. ಮಹಜರು ಬಿದ್ದರೆ ಇಬ್ಬರೂ ಹೊರಗೆ. ಸುಬ್ಬಕೃಷ್ಣರಿಗೆ ಇದಕ್ಕೆ ನಡುವಿನ ದಾರಿ ಯಾವುದೂ ಕಾಣಲಿಲ್ಲ. ಹಾಳೆ ಒಂದೇ, ಸಹಿ ಒಂದೇ.

ಭಾನುವಾರ ಅವರು ಕೌಸಲ್ಯಗೆ ಹೇಳದೆ ಊರ್ಡಿಗೆರೆ ಬಸ್ ಹತ್ತಿದರು. ಹೋಗಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಆ ಹುಡುಗ ನಿಜವಾಗಿಯೂ ಜಾಲದವನೇ ಎಂದು ಯಾರಾದರೂ ಒಬ್ಬರು ಹೇಳಿಬಿಟ್ಟರೆ ಸಾಕು ಎಂಬ ಆಸೆ ಎದೆಯ ಮೂಲೆಯಲ್ಲಿ ಇತ್ತು. ಅದು ಇದೆಯೆಂದು ಬಸ್ಸಿನಲ್ಲಿ ಕೂತಾಗಲೇ ಗೊತ್ತಾಗಿ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ರಂಗಶಾಮನ ಮನೆ ಕೇಳಿದಾಗ ಒಬ್ಬರು ಬೆರಳು ತೋರಿಸಿ ಮುಖ ತಿರುಗಿಸಿದರು. ಜಗುಲಿಯ ಮೇಲೆ ಅಜ್ಜಿ ಕದರಮ್ಮ ಗುಂಡುಕಲ್ಲಿನಿಂದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ತಂದೆ ತಾಯಿ ಇಬ್ಬರೂ ತೀರಿಕೊಂಡ ಮೊಮ್ಮಗನನ್ನು ಸಾಕಿದವಳು ಅವಳೇ.

"ಲಾಯರ್ ಕಡೆಯೋರಾ ಸ್ವಾಮಿ?"

ಸುಬ್ಬಕೃಷ್ಣ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಅವಳು ಕೈ ತೊಳೆದುಕೊಂಡು ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಮತ್ತೆ ಒಳಗೆ ಹೋಗಿ, ತಗಡಿನ ಟ್ರಂಕಿನಿಂದ ಒಂದು ಕಾಗದದ ಕಟ್ಟು ತಂದಳು.

"ಪುಕ್ಕಟೆ ಲಾಯರ್ ಕೊಟ್ಟಿದ್ದು. ನಂಗೆ ಅಕ್ಷರ ಬರಾಕಿಲ್ಲ. ಒಬ್ರು ಓದುದ್ರು, ಅರ್ಧಂಬರ್ಧ ಓದಿ ಎದ್ದೋದ್ರು. ನೀವಾರ ಪೂರ್ತಿ ಓದಿ ಹೇಳಿ ಸ್ವಾಮಿ."

ಐವತ್ತೊಂಬತ್ತು ವರ್ಷ ಬರೀ ಕೇಳಿಕೊಂಡು ಬಂದ ಮನುಷ್ಯ. ಯಾರ ಮುಂದೆಯೂ ಏನನ್ನೂ ಓದಿದವರಲ್ಲ. ಅಂದು ಆ ಜಗುಲಿಯ ಮೇಲೆ, ಹುಣಸೆಯ ಹುಳಿ ವಾಸನೆಯ ನಡುವೆ, ಅವರು ಓದಬೇಕಾಯಿತು.

"...ಸಂಜೆ ಐದೂವರೆ ಗಂಟೆಗೆ ಪಂಚರ ಸಮಕ್ಷಮ ಕುಣಿಗಲ್ ಕೆರೆ ಏರಿಯ ಮೇಲೆ ವಾಹನವನ್ನು ತಡೆದು, ಚಾಲಕನ ಸೀಟಿನಲ್ಲಿ ಕುಳಿತಿದ್ದ ಆಸಾಮಿಯ ಹೆಸರು ವಿಳಾಸ ಕೇಳಲಾಗಿ, ರಂಗಶಾಮ, ವಾಸ ಊರ್ಡಿಗೆರೆ ಎಂತಲೂ... ಕಾಯಿಗಳ ಅಡಿಯಲ್ಲಿ ಏನಿದೆ ಎಂದು ಕೇಳಲಾಗಿ, ತಡವರಿಸುತ್ತಾ, ಗಾಂಜಾ ಇರುವುದಾಗಿ ಒಪ್ಪಿಕೊಂಡಿದ್ದು..."

ಕದರಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮೂರನೇ ಕಂಬದ ಹತ್ತಿರ ತಾವು ಕೂರುತ್ತಿದ್ದ ಹಾಗೆಯೇ. ಒಂದು ಪದವೂ ಬಿದ್ದುಹೋಗದ ಹಾಗೆ. ಕೊನೆಯ ಹಾಳೆ ಬಂತು.

"ಓದಿ ಕೇಳಿಸಿದೆ, ಸರಿ ಇದೆ," ಎಂದು ಓದಿ ನಿಲ್ಲಿಸಿದರು.

"ಅಂಗಂದ್ರೆ?"

"ಇದನ್ನೆಲ್ಲ ನೋಡಿದವರು ಸೈನ್ ಹಾಕಿದಾರೆ."

"ಯಾರವ್ರು?"

"ಯಾರೋ... ಗೌರ್ಮೆಂಟಿನೋರು."

ಕದರಮ್ಮ ತಲೆಯಾಡಿಸಿದಳು. "ಅದೇಯ ಸ್ವಾಮಿ. ಮೊದ್ಲು ಓದಿದೋರೂ ಅದ್ನೇ ಅಂದ್ರು. ಪೊಲೀಸ್ನೋರು ಮಾತ್ರ ಅಂದಿದ್ರೆ ನಾನು ನಂಬ್ತಿರ್ಲಿಲ್ಲ. ಆಪೀಸಿನೋರು, ಅವ್ರಿಗೂ ನಮ್ ಹುಡುಗಂಗೂ ಯಾವ ದ್ವೇಸ? ಕಣ್ಣಾರೆ ನೋಡಿದ್ಕೇ ತಾನೆ ಬರ್ದಿರೋದು?" ಅವಳು ಗುಂಡುಕಲ್ಲು ತೆಗೆದುಕೊಂಡಳು. "ಜೈಲಿಂದ ಹೇಳಿ ಕಳಿಸ್ತಾನೆ, ಅಜ್ಜಿ ಬಂದು ಹೋಗು, ನಾನು ಮಾಡಿಲ್ಲ ಅಂತ. ಸುಳ್ಳು ಬೇರೆ ಕಲ್ತವ್ನೆ. ನಾನು ಒಂದು ದಿನಾನೂ ಹೋಗಿಲ್ಲ ಸ್ವಾಮಿ. ಊರಿನ ಮಕ್ಕಳಿಗೆ ವಿಷ ಹಂಚಿದೋನ ಮುಖ ನೋಡ್ಬಾರ್ದು ಅಂತ ಮಾದಪ್ಪನ ಮುಂದೆ ಆಣೆ ಮಾಡಿವ್ನಿ."

ಕಲ್ಲು ಹುಣಸೆಯ ಮೇಲೆ ಬಿತ್ತು. ಇನ್ನೊಂದು ಸಲ ಬಿತ್ತು. ಸುಬ್ಬಕೃಷ್ಣ ಮಜ್ಜಿಗೆಯ ಲೋಟವನ್ನು ಮುಟ್ಟದೆ ಎದ್ದರು. ಹೇಳಲು ಬಾಯಿ ತೆರೆದರು. ಅಜ್ಜಿ ತಲೆಯೆತ್ತಿ ನೋಡಿದಳು. ಬಾಯಿಂದ ಬಂದದ್ದು "ಬರ್ತೀನಮ್ಮ" ಎಂಬುದೊಂದೇ.

ಜೈಲು ಗೋಡೆ ಕಟ್ಟಿದ್ದು ಸರ್ಕಾರ. ಆದರೆ ಈ ಅಜ್ಜಿಗೂ ಆ ಹುಡುಗನಿಗೂ ನಡುವೆ ಎದ್ದ ಗೋಡೆಯನ್ನು ತಮ್ಮ ದುಂಡನೆಯ ಅಕ್ಷರವೇ ಕಟ್ಟಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿವಿಗಳೆರಡನ್ನೂ ಅಂಗೈಯಿಂದ ಮುಚ್ಚಿಕೊಂಡು ಕೂತರು. ಪಕ್ಕದವನು "ಕಿವಿನೋವಾ ಸಾರ್? ಬಿಸಿ ಎಣ್ಣೆ ಬಿಡ್ಸಿ" ಎಂದ.

ಮನೆಗೆ ಬಂದು ಕೌಸಲ್ಯಗೆ ಎಲ್ಲ ಹೇಳಿದರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಕೌಸಲ್ಯ ಪಾತ್ರೆ ಉಜ್ಜುತ್ತ ಕೇಳಿದರು.

"ರಿಟೈರ್‌ಮೆಂಟಿಗೆ ಹನ್ನೊಂದು ತಿಂಗಳಿದೆಯಲ್ರೀ."

"ಹೌದು ಕಣೇ."

"ನಾಗಭೂಷಣ್ ನಮ್ ಮನೆ ಕಡೆ ತಿರುಗೂ ನೋಡಲ್ಲ."

"ಹೌದು."

ಬುಧವಾರ ಬೆಳಿಗ್ಗೆ ಸುಬ್ಬಕೃಷ್ಣ ಸ್ನಾನ ಮಾಡಿ ದೀಪ ಹಚ್ಚಲು ಹೋದರೆ, ದೇವರ ಪಟಗಳ ಸಾಲಿನಲ್ಲಿ ಒಂದು ಚೌಕ ಖಾಲಿ ಇತ್ತು. ಗೋಡೆಯ ಸುಣ್ಣ ಅಲ್ಲಿ ಮಾತ್ರ ಹೊಸದಾಗಿ ಕಾಣುತ್ತಿತ್ತು. "ಮೊಳೆ ಸಡಿಲ ಆಗಿತ್ತು, ತೆಗೆದಿಟ್ಟೆ" ಎಂದರು ಕೌಸಲ್ಯ ಅಡುಗೆಮನೆಯಿಂದ. ಅವರು ನೇರವಾಗಿ ನಿಂತು ಕೈಮುಗಿದರು.

ಕೋರ್ಟಿನ ಪಡಸಾಲೆಯಲ್ಲಿ ಸಿದ್ದಗಂಗಯ್ಯ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಬಂದಿದ್ದ. ತುಟಿ ಅಲ್ಲಾಡುತ್ತಿತ್ತು. "ಬಾಯ್ಪಾಠ ಮಾಡ್ಕೊಂಡ್ ಬಂದಿವ್ನಿ ಸಾರ್. ಐದೂವರೆ, ಕೆರೆ ಏರಿ, ಮೂವತ್ತೊಂದು ಕೆ.ಜಿ. ಹುಡ್ಗ ಡ್ರೈವರು ಸೀಟಲ್ಲಿ, ಗವಿರಂಗ ಪಕ್ಕದಲ್ಲಿ. ಇಲ್ಲಾ ಅದು ತಿರುಗಾಮುರುಗಾನಾ? ಏನೇ ಆಗ್ಲಿ, ಮೊದ್ಲು ನೀವು ಹತ್ತೋದಲ್ವಾ, ನೀವು ಅಂದಂಗೆ ನಾನೂ ಅಂತೀನಿ."

ಉದಯಕುಮಾರ್ ಹತ್ತಿರ ಬಂದರು. ಸುಬ್ಬಕೃಷ್ಣರ ಮುಖ ನೋಡಿದವರೇ ಅರ್ಥ ಮಾಡಿಕೊಂಡರು, ಪೊಲೀಸ್ ಕಣ್ಣು. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಸಾರ್, ಎರಡು ವರ್ಷ ಬೆನ್ನು ಹತ್ತಿ ಹಿಡಿದಿದೀನಿ ಗವಿರಂಗನ್ನ. ಬಿಟ್ರೆ ನಾಳೆಯಿಂದಾನೇ ಶುರು ಮಾಡ್ತಾನೆ. ಒಬ್ಬ ಹುಡುಗನ ಮುಖ ನೋಡಿ ಇದನ್ನೆಲ್ಲ ಹಾಳು ಮಾಡ್ಬೇಡಿ."

"ಮಾಲು ಮಧ್ಯಾಹ್ನ ಸಿಕ್ತು, ಗವಿರಂಗನೊಬ್ಬನೇ ಇದ್ದ ಅಂತ ನೀವು ಇದ್ದದ್ದು ಇದ್ದ ಹಾಗೆ ಬರೆದಿದ್ರೆ, ನಾನು ಇದ್ದದ್ದು ಇದ್ದ ಹಾಗೆ ಸೈನ್ ಹಾಕಿದ್ರೆ, ಅವನು ತಪ್ಪಿಸ್ಕೊಂಡು ಹೋಗ್ತಿರ್ಲಿಲ್ಲ ಸಾರ್" ಎಂದರು ಸುಬ್ಬಕೃಷ್ಣ. "ಹಾಳಾಗಿದ್ದು ಅವತ್ತೇ. ಅದ್ರಲ್ಲಿ ನನ್ನದೂ ಅರ್ಧ ಇದೆ."

ಒಳಗಿನಿಂದ ಹೆಸರು ಕೂಗಿದರು.

ಕಟಕಟೆಯಲ್ಲಿ ನಿಂತು ದೇವರ ಹೆಸರಿನಲ್ಲಿ ಪ್ರಮಾಣ ಮಾಡುವಾಗ ಅವರ ಧ್ವನಿ ಯಾರಿಗೂ ಕೇಳಿಸಲಿಲ್ಲ. ನ್ಯಾಯಾಧೀಶರು "ಜೋರಾಗಿ ಹೇಳಿ" ಎಂದರು. ಸರ್ಕಾರಿ ವಕೀಲೆ ದೀಪಿಕಾ ಮಹಜರಿನ ಹಾಳೆ ತೋರಿಸಿದರು.

"ಇದು ನಿಮ್ಮ ಸಹಿಯೇ?"

"ಹೌದು."

"ಈ ಸಾಲು ನಿಮ್ಮ ಕೈಬರಹವೇ?"

"ಹೌದು. ಆದರೆ ನಾನು ಬರೆದಾಗ ಮೇಲೆ ಏನೂ ಇರಲಿಲ್ಲ. ಖಾಲಿ ಹಾಳೆ. ನನಗೆ ಯಾರೂ ಓದಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೆರೆ ಏರಿಗೆ ಹೋಗಲಿಲ್ಲ. ಐದೂವರೆಗೆ ನಾನು ಗುಬ್ಬಿ ಬಸ್ಸಿನಲ್ಲಿದ್ದೆ."

ದೀಪಿಕಾ ಫೈಲು ಮುಚ್ಚಿ, ಸಾಕ್ಷಿ ಪ್ರತಿಕೂಲನಾಗಿದ್ದಾನೆಂದು ಬರೆಸಿದರು. ಆಮೇಲೆ ಕೇಳಿದ ಪ್ರಶ್ನೆಗಳು ಚಾಟಿಯ ಹಾಗಿದ್ದವು: ಆರೋಪಿಗಳ ಕಡೆಯವರು ಬಂದು ಮಾತಾಡಿದರೇ? ಊರ್ಡಿಗೆರೆಗೆ ಹೋಗಿದ್ದಿರಾ? "ಹೋಗಿದ್ದೆ" ಎಂದರು ಸುಬ್ಬಕೃಷ್ಣ. ಅದನ್ನೂ ಬರೆದುಕೊಂಡರು. ಪ್ರಶಂಸಾಪತ್ರ ಸ್ವೀಕರಿಸಿದ್ದು ನಿಜವೇ? ನಿಜ. ಹತ್ತೊಂಬತ್ತು ತಿಂಗಳು ಯಾಕೆ ಸುಮ್ಮನಿದ್ದಿರಿ?

"ಸುಮ್ಮನಿರೋದು ನನಗೆ ಅಭ್ಯಾಸ" ಎಂದರು ಸುಬ್ಬಕೃಷ್ಣ. ಯಾರೋ ಹಿಂದೆ ನಕ್ಕರು.

ರಂಗಶಾಮನ ವಕೀಲ ಎದ್ದು ಒಂದೇ ಪ್ರಶ್ನೆ ಕೇಳಿದ: "ಇವನನ್ನು ನೀವು ಮೊದಲು ನೋಡಿದ್ದು ಎಲ್ಲಿ?"

"ಬೆಂಚಿನ ಮೇಲೆ. ತಾನಾಗಿಯೇ ಬಂದ. ಗಾಡಿಯ ಕಾಗದ ತಂದಿದ್ದ. ನನಗೆ ಹುರಿಗಡಲೆ ಕೊಟ್ಟ."

ಆಗ ಸುಬ್ಬಕೃಷ್ಣ ಆರೋಪಿಗಳ ಕಡೆ ನೋಡಿದರು. ಗವಿರಂಗ ಎದೆಯ ಮಟ್ಟಕ್ಕೆ ಕೈ ಜೋಡಿಸಿ, ಮುಗುಳ್ನಗುತ್ತ, ಅವರಿಗೆ ನಮಸ್ಕಾರ ಮಾಡಿದ. ರಂಗಶಾಮ ಇಳಿದುಹೋಗಿದ್ದ, ಅಂಗಿ ಭುಜದಿಂದ ಜಾರುತ್ತಿತ್ತು. ಅವನು ತಲೆ ಎತ್ತಲೇ ಇಲ್ಲ. ಆ ನಮಸ್ಕಾರದ ಬದಲು ಕಪಾಳಕ್ಕೆ ಹೊಡೆದಿದ್ದರೆ ಸುಬ್ಬಕೃಷ್ಣರಿಗೆ ಹಗುರವಾಗುತ್ತಿತ್ತು.

ನ್ಯಾಯಾಧೀಶರು ಕನ್ನಡಕ ತೆಗೆದರು. "ಖಾಲಿ ಹಾಳೆಗೆ ಸಹಿ ಹಾಕಿದ ಸರ್ಕಾರಿ ನೌಕರನ ಮೇಲೆ ಏನು ಕ್ರಮ ಆಗಬಹುದು ಅಂತ ಗೊತ್ತೇನ್ರೀ?"

"ಗೊತ್ತು ಸ್ವಾಮಿ."

ಹೇಳಿಕೆ ಟೈಪಾಗಿ ಬಂತು. ಗುಮಾಸ್ತ ಮೂರು ಹಾಳೆ ಚಾಚಿ ಪೆನ್ನು ಕೊಟ್ಟ. "ಇಲ್ಲಿ ಹಾಕಿ ಸಾರ್, ಇಲ್ಲಿ, ಇಲ್ಲೊಂದು." ಕೊನೆಯಲ್ಲಿ ಅದೇ ಸಾಲು ಅಚ್ಚಾಗಿತ್ತು.

"ಓದಿ."

"ನೀವು ಹೇಳಿದ್ದೇ ಸಾರ್ ಇರೋದು."

"ಓದಿ ಹೇಳಿ. ಕೇಳ್ತೀನಿ."

ಗುಮಾಸ್ತ ಗೊಣಗಿಕೊಂಡು ಗಡಗಡ ಓದಿದ. ಸ್ವರವಿಲ್ಲ, ತಾಳವಿಲ್ಲ, ಯತಿ ಬೇಕಾದ ಕಡೆ ಯತಿಯಿಲ್ಲ. ಸುಬ್ಬಕೃಷ್ಣ ಕಣ್ಣು ಮುಚ್ಚಿದರು. ತಾವು ಮಾಡಿದ್ದೆಲ್ಲ ಒಂದೊಂದಾಗಿ ಕಿವಿಗೆ ಬಂದು ಬಿತ್ತು. ಒಂದು ಪದವೂ ತಪ್ಪಿಹೋಗಲಿಲ್ಲ. ಓದು ಮುಗಿದ ಮೇಲೆ ಸಹಿ ಹಾಕಿದರು.

ಹೊರಗೆ ಸಿದ್ದಗಂಗಯ್ಯ ಬೆವರುತ್ತಿದ್ದ. "ಏನ್ ಸಾರ್ ಇಂಗ್ ಮಾಡ್ಬುಟ್ರಿ! ಈಗ ನಾನೇನ್ ಹೇಳ್ಲಿ?"

"ನೋಡಿದ್ದು ಹೇ‍ಳಪ್ಪ."

"ನಾನೇನೂ ನೋಡೇ ಇಲ್ವಲ್ಲಾ ಸಾರ್!"

"ಅದನ್ನೇ ಹೇಳು."

ಹುಡುಗನ ವಕೀಲ ಹೇಳಿಕೆಯ ಒಂದು ಪ್ರತಿ ಕೊಟ್ಟ. ತೀರ್ಪಿಗೆ ಇನ್ನೂ ಸಾಕ್ಷಿಗಳಿದ್ದಾರೆ, ಏನಾಗುತ್ತೋ ಹೇಳಲಾಗದು ಎಂದ. ಸುಬ್ಬಕೃಷ್ಣ ಮನೆಗೆ ಹೋಗಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೇ ಊರ್ಡಿಗೆರೆ ಬಸ್ ಹತ್ತಿದರು.

ಕದರಮ್ಮ ಅದೇ ಜಗುಲಿಯ ಮೇಲೆ ಇದ್ದಳು. "ಬನ್ನಿ ಸ್ವಾಮಿ, ಕೇಸು ಏನಾಯ್ತು? ಕುಡಿಯಾಕೆ ಏನಾರ ತತ್ತೀನಿ ತಡೀರಿ" ಎಂದು ಏಳಹೊರಟಳು.

"ಬೇಡಮ್ಮ, ಕೂತ್ಕೊಳ್ಳಿ. ಒಂದು ಕಾಗದ ಓದಬೇಕು."

ಹೆಸರಿನಿಂದ ಶುರುಮಾಡಿದರು: ಸುಬ್ಬಕೃಷ್ಣ, ವಯಸ್ಸು ಐವತ್ತೊಂಬತ್ತು, ವಾಸ ಉಪ್ಪಾರಹಳ್ಳಿ. ಖಾಲಿ ಹಾಳೆ ಓದಿದರು, ಬೆಂಚು ಓದಿದರು, ಹುರಿಗಡಲೆ ಓದಿದರು. ಕೊನೆಯ ಸಾಲೂ ಓದಿದರು. ಕದರಮ್ಮ ಕಣ್ಣು ಮುಚ್ಚಿಯೇ ಇದ್ದಳು. ಓದು ನಿಂತ ಮೇಲೆ ಕಣ್ಣು ತೆರೆದಳು.

"ಆ ಸೈನು ಹಾಕಿದೋನು ನೀನೇನಾ?"

"ಹೌದಮ್ಮ."

"ಮೊನ್ನೆ ಬಂದು ಇಲ್ಲೇ ಕುಂತು ಓದಿದ್ಯಲ್ಲಾ. ಆಗ ಯಾಕ್ ಹೇಳ್ಲಿಲ್ಲ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು, ಬಿಂದಿಗೆಯ ನೀರಿನ ಸದ್ದು. ಬೇರೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಹೊರಗೆ ಬಂದಳು. ಸೆರಗಿನ ತುದಿಯಲ್ಲಿ ಏನೋ ಕಟ್ಟಿಕೊಂಡಿದ್ದಳು, ಹುರಿಗಡಲೆಯೋ ಏನೋ.

"ತುಮಕೂರು ಜೈಲಿಗೆ ಯಾವ ಬಸ್ಸು?"

"ಇವತ್ತು ಒಳಗೆ ಬಿಡ್ತಾರೋ ಇಲ್ವೋ, ಹೊತ್ತಾಗಿದೆ. ನಾನೇ ಕರ್ಕೊಂಡು ಹೋಗ್ತೀನಮ್ಮ—"

"ಬ್ಯಾಡ. ಒಳಕ್ಕೆ ಬುಡ್ದೆ ಇದ್ರೆ ಬಾಗಲಲ್ಲೇ ಕುಂತಿರ್ತೀನಿ." ಅವಳು ಬಾಗಿಲಿಗೆ ಚಿಲಕ ಹಾಕಿದಳು. "ನೀನು ಬರ್ಬ್ಯಾಡ. ಬಸ್ಸು ಯಾವ್ದು ಅಂತ ಹೇಳು, ಸಾಕು."

ಅವರು ಹೇಳಿದರು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯಬೇಕು, ಅಲ್ಲಿ ಯಾರನ್ನಾದರೂ ಕೇಳಿದರೆ ತೋರಿಸುತ್ತಾರೆ. ಅವಳು ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು ಸರಿಯಾಗಿದೆಯೇ ಎಂದು ಕೇಳಿದಳು.

"ಸರಿ ಇದೆ" ಎಂದರು ಸುಬ್ಬಕೃಷ್ಣ.

ಕದರಮ್ಮ ಬರಿಗಾಲಲ್ಲಿ ರಸ್ತೆಗಿಳಿದು ನಡೆದಳು. ಅವರು ಜಗುಲಿಯ ಕೆಳಗೆ, ಅರ್ಧ ಕುಟ್ಟಿದ ಹುಣಸೆಯ ರಾಶಿಯ ಪಕ್ಕ, ಬಸ್ಸಿನ ಹಾರನ್ನು ಕೇಳುವ ತನಕ ನಿಂತೇ ಇದ್ದರು.